ನಿಂಬೆಹಣ್ಣು ಹತ್ತದ ಕಾರು

ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ಕಾಫಿ ಹಿಡಿದುಕೊಂಡು ಬಂದು ಎದುರಿಗೆ ಕುಳಿತ.

“ಮಗಾ, ಒಂದು ಒಳ್ಳೇ ಆಟೋಮ್ಯಾಟಿಕ್ ಹೇಳು. ಹೆಬ್ಬಾಳದಲ್ಲಿ ಕ್ಲಚ್ ತುಳಿದೂ ತುಳಿದೂ ಸಾಕಾಗಿದೆ ಕಣೋ.”

“ಗೊತ್ತಿಲ್ಲ ಗುರು,” ಎಂದೆ.

“ನಿಂಗ್ ಗೊತ್ತಿಲ್ವಾ? ಬಾಗಿಲು ಹಾಕಿದ್ ಸದ್ದು ಕೇಳಿ ಯಾವ್ ಗಾಡಿ ಅಂತ ಹೇಳ್ತಿದ್ದೋನು ನೀನು! ಲಂಚ ಬೇಕಾ? ಮಸಾಲೆ ದೋಸೆ ಕೊಡಿಸ್ತೀನಿ, ಹೇಳು.”

ನಗಲು ಪ್ರಯತ್ನಿಸಿದೆ. ಅವನಿಗೆ ಕೊಡಬೇಕಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಯಾವ ಗೇರ್‌ಬಾಕ್ಸು ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಮುನಿಸಿಕೊಳ್ಳುತ್ತದೆ, ಯಾವುದು ರಬ್ಬರಿನಂತೆ ಎಳೆಯುತ್ತದೆ, ಯಾವುದು ಅಗ್ಗ, ಅದು ಯಾಕೆ ಅಗ್ಗ, ಎಲ್ಲ ಬಾಯಿಪಾಠ. ಆದರೆ ಕೆಲವು ತಿಂಗಳುಗಳಿಂದ ಕಾರಿನ ಮಾತು ಬಂದರೆ ನನಗೆ ಮೊದಲು ಕಾಣುವುದು ಒಂದು ಹೊಸ ಟೈರು, ಅದರ ಮುಂದೆ ಒಂದು ನಿಂಬೆಹಣ್ಣು. ಕೆಲಸ ಇದೆ ಎಂದು ಎದ್ದುಬಿಟ್ಟೆ.

ನಾನು ಕಾರು ಕಲಿತದ್ದು ಆರ್.ಟಿ. ನಗರದಲ್ಲಿ, ಸೋದರಮಾವನ ಪದ್ಮಿನಿಯಲ್ಲಿ. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ಎರಡನೇ ಗೇರಿಗೆ ಹಾಕುವಾಗ ಯಾರದೋ ಕೈ ಕುಲುಕಿದಂತಾಗುತ್ತಿತ್ತು. ಬೇಸಿಗೆಯಲ್ಲಿ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಮಾವ ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಜ್ವರದ ಹಣೆಗೆ ಹಾಕುವಂತೆ ಪಂಪಿನ ಮೇಲೆ ಹಾಕಿ, ರಸ್ತೆ ಪಕ್ಕ ಬೀಡಿ ಸೇದುತ್ತಾ ಕಾಯುತ್ತಿದ್ದರು. ಅಂಬಾಸಿಡರ್ ಇನ್ನೊಂದು ಬಗೆ. ಅದರ ಹೆಡ್‌ಲೈಟು ತಗ್ಗಿಸುವ ಗುಂಡಿ ನೆಲದಲ್ಲಿತ್ತು, ಎಡಗಾಲಿನಿಂದ ಒತ್ತಬೇಕು. ಬ್ರೇಕಿಗೆ ಮೈಭಾರವನ್ನೆಲ್ಲ ಹಾಕಬೇಕು. ಆ ಗಾಡಿಗಳಲ್ಲಿ ನೂರೆಂಟು ರೋಗವಿತ್ತು. ಆದರೆ ನೀವು ಏನು ಮಾಡಿದಿರಿ ಎನ್ನುವುದನ್ನು ಅವು ಅಂಗಾಲಿಗೆ, ಅಂಗೈಗೆ, ಕಿವಿಗೆ ಕೂಡಲೇ ತಿಳಿಸುತ್ತಿದ್ದವು. ಈಗಿನವು ತಿಳಿಸುವುದಿಲ್ಲ. ಎತ್ತರದ ದೊಡ್ಡ ಗಾಡಿಗಳಲ್ಲಿ ಮುಂಗಾಜಿನ ಪಕ್ಕದ ಕಂಬ ಎಷ್ಟು ದಪ್ಪವೆಂದರೆ, ತಿರುವಿನಲ್ಲಿ ಒಂದು ಇಡೀ ಸ್ಕೂಟರು ಅದರ ಹಿಂದೆ ಅಡಗುತ್ತದೆ. ಏಸಿ ತಣ್ಣಗೆ ಮಾಡಲು ಪರದೆಯ ಮೇಲೆ ಮೂರು ಸಲ ಬೆರಳಾಡಿಸಬೇಕು. ಬ್ಯಾಟರಿಯ ಕಾರುಗಳಂತೂ ಸದ್ದೇ ಇಲ್ಲದೆ ಬೆನ್ನ ಹಿಂದೆ ಬಂದು ನಿಂತಿರುತ್ತವೆ. ಇಂಥ ಅಭಿಪ್ರಾಯಗಳನ್ನು ನಾನು ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದೆ.

ಕೇಳಿ ಪಡೆದವರಲ್ಲಿ ಕಾಕಾ ಒಬ್ಬರು.

ಯಲಹಂಕದಲ್ಲಿ ನಮ್ಮ ಎದುರು ಮನೆ ಅವರದು. ಗದಗಿನ ಕಡೆಯವರು. ಯಶವಂತಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ರೆಸ್ ಮಷೀನು ನಡೆಸಿ ನಿವೃತ್ತರಾದವರು. ಇಡೀ ಬೀದಿಗೆ ಅವರು ಕಾಕಾ, ಅವರ ಹೆಂಡತಿ ಕಾಕು. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ತಮ್ಮ ಹಳೆಯ ಸಣ್ಣ ಕಾರಿನಲ್ಲಿ ಹೆಸರಘಟ್ಟಕ್ಕೆ ಹೋಗಿ, ಹುಲ್ಲುಗಾವಲಿನ ಪಕ್ಕ ನಿಲ್ಲಿಸಿ, ಕೆರೆ ನೋಡುತ್ತಾ, ಡಬ್ಬಿಯಲ್ಲಿ ತಂದ ಅವಲಕ್ಕಿ ತಿಂದು ಬರುತ್ತಿದ್ದರು. ಕಾರಿಗೆ ವಯಸ್ಸಾದಂತೆ ಕ್ಲಚ್ಚು ಗಟ್ಟಿಯಾಯಿತು, ಕಾಕಾಗೆ ವಯಸ್ಸಾದಂತೆ ಎಡ ಮೊಣಕಾಲು ಬಾಗದಾಯಿತು. ಆರು ತಿಂಗಳು ಅವರು ಎಲ್ಲಿಗೂ ಹೋಗಲಿಲ್ಲ.

“ಮೂವತ್ತ ವರ್ಷ ಫ್ಯಾಕ್ಟರಿಯಾಗ ಒಂದ್ ಸಲಾನೂ ಮುಷ್ಕರಕ್ಕ ಕೂಡಲಿಲ್ಲ ತಮ್ಮಾ,” ಎಂದರು ಒಂದು ದಿನ ಗೇಟಿನ ಹತ್ತಿರ. “ಈಗ ನಂದ ಕಾಲು ನನ್ನ ವಿರುದ್ಧ ಮುಷ್ಕರ ಹೂಡೈತಿ ನೋಡು.”

“ಆಟೋದಲ್ಲಿ ಹೋಗ್ಬನ್ನಿ ಕಾಕಾ.”

“ಆಟೋದಾಗ ಹೋದ್ರ ಹೋದಂಗ ಆಗೂದಿಲ್ಲಪಾ. ಅವ ಗಡಿಬಿಡಿ ಮಾಡ್ತಾನ. ನಾ ಕೆರಿ ನೋಡೂದು ಯಾವಾಗ?”

ಒಳಗಿನಿಂದ ಕಾಕು, “ಕೆರಿಯಾಗ ನೀರ ಇರಲಿ ಬಿಡಲಿ, ಇವರು ನೋಡೂದಂತೂ ಬಿಡೂದಿಲ್ಲ,” ಎಂದರು.

ಕ್ಲಚ್ ಇಲ್ಲದ ಕಾರು ತಗೊಳ್ಳಿ ಎಂದು ನಾನೇ ಹೇಳಿದೆ. ಎರಡು ಶನಿವಾರ ಅವರ ಜೊತೆ ಅಂಗಡಿ ಅಂಗಡಿ ಸುತ್ತಿದೆ. ಕಾರುಗಳ ಹೊಟ್ಟೆಯೊಳಗೆ ಏನಿದೆ ಎಂದು ವಿವರಿಸುವ ಅವಕಾಶ ಸಿಕ್ಕರೆ ನನಗೆ ಹಸಿವು ಬಾಯಾರಿಕೆ ಇರುತ್ತಿರಲಿಲ್ಲ. ಒಳ್ಳೆಯ ಆಟೋಮ್ಯಾಟಿಕ್ಕಿನ ಬೆಲೆ ಅವರಿಗೆ ಭಾರವಾಯಿತು. ಕೊನೆಗೆ ಅಗ್ಗದ ಬಗೆಯದನ್ನು ಆರಿಸಿದೆವು. ಅದರಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ. ನಿಮ್ಮ ಎಡಗಾಲಿನ ಕೆಲಸಕ್ಕೆ ಒಂದು ಪುಟ್ಟ ಯಂತ್ರವನ್ನು ಕೂರಿಸಿರುತ್ತಾರೆ, ಕ್ಲಚ್ಚು ಒತ್ತುವುದು ಬಿಡುವುದು ಅದರ ಪಾಲು. ಆ ಯಂತ್ರ ಸ್ವಲ್ಪ ನಿಧಾನ. ಆಫೀಸಿನಲ್ಲಿ ನಾನು ಅದರ ಬಗ್ಗೆ ಒಂದು ತಮಾಷೆ ಮಾಡುತ್ತಿದ್ದೆ: ಅದು ಸರ್ಕಾರಿ ಕಚೇರಿಯ ಗುಮಾಸ್ತನಿದ್ದಂತೆ, ಅರ್ಜಿ ಕೊಟ್ಟರೆ ಅರ್ಧ ಕ್ಷಣ ತಲೆಯೆತ್ತುವುದಿಲ್ಲ, ಆಮೇಲೆ ಒಮ್ಮೆಲೇ ಸೀಲು ಗುದ್ದುತ್ತದೆ. ಎಲ್ಲರೂ ನಗುತ್ತಿದ್ದರು. ಈ ತಮಾಷೆಯನ್ನು ಕಾಕಾ ಮುಂದೆ ಮಾತ್ರ ಮಾಡಲಿಲ್ಲ. ಆರಿಸಿಕೊಟ್ಟವನು ನಾನು, ನನ್ನ ಆಯ್ಕೆಯ ಕುಂದನ್ನು ಅವರ ಮುಂದೆ ಯಾಕೆ ಹೇಳಬೇಕು ಅನ್ನಿಸಿತ್ತು.

ಕಾರು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಅಂಗಡಿಯ ಡ್ರೈವರು ಅದನ್ನು ನಮ್ಮ ಬೀದಿಯ ಕೊನೆಯ ಗಣಪತಿ ಗುಡಿಯ ಮುಂದೆ ತಂದು ನಿಲ್ಲಿಸಿ ಹೋದ. ಗುಡಿಯ ಎದುರಿಗೆ ಅರಳಿಕಟ್ಟೆ. ಅಂಗಳ ತೊಳೆದು ರಂಗೋಲಿ ಹಾಕಿದ್ದರು, ನೆಲ ಇನ್ನೂ ಒದ್ದೆಯಿತ್ತು. ಕಾಕಾ ನಿವೃತ್ತಿಯ ನಂತರವೂ ಕಾರ್ಖಾನೆಯ ಕಪ್ಪು ಬೂಟನ್ನೇ ಹಾಕುತ್ತಿದ್ದವರು. ಅಂದು ಅದನ್ನು ಗುಡಿಯ ಮೆಟ್ಟಿಲ ಹತ್ತಿರ ಬಿಚ್ಚಿಟ್ಟರು.

“ಓಡಿಸುವಾಗ ಹಾಕ್ಕೊಳ್ಳಿ ಕಾಕಾ,” ಎಂದೆ.

“ದೇವರ ಮುಂದ ಬೂಟ ಹಾಕ್ಕೊಂಡ ಕುಂದ್ರೂದನು? ಹುಚ್ಚ ಅದಿ ನೀ.”

ನಾನು ಮತ್ತೆ ಹೇಳಲಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಪೂಜೆಯ ದಿನ ಬರಿಗಾಲಲ್ಲೇ ನಿಂಬೆಹಣ್ಣು ಹತ್ತಿಸುತ್ತಾರೆ. ನಾನೂ ಹಾಗೇ ಮಾಡಿದವನು. ಮೂವತ್ತು ವರ್ಷ ಬೂಟಿನೊಳಗಿಂದಲೇ ಬ್ರೇಕು ಯಾವುದು, ಎಕ್ಸಲರೇಟರು ಯಾವುದು ಎಂದು ಗುರುತಿಟ್ಟುಕೊಂಡ ಕಾಲು ಅದು, ಅಂದು ಬೂಟಿಲ್ಲದೆ, ಒದ್ದೆಯಾಗಿ, ಗೊತ್ತಿಲ್ಲದ ಪೆಡಲುಗಳ ಮುಂದೆ ಕೂತಿದೆ ಎಂದು ನನಗೆ ಹೊಳೆದದ್ದು ಆಮೇಲೆ.

ಕೂರಿಸಿ ಹತ್ತು ನಿಮಿಷ ಪಾಠ ಹೇಳಿದೆ. ಎಡಗಾಲಿಗೆ ಏನೂ ಕೆಲಸವಿಲ್ಲ, ಅದನ್ನು ಒಳಗೆ ಎಳೆದುಕೊಂಡು ಮರೆತುಬಿಡಿ. ಬ್ರೇಕು ಬಿಟ್ಟರೆ ಗಾಡಿ ತಾನೇ ತೆವಳುತ್ತದೆ, ಬೇರೇನೂ ಮಾಡಬೇಕಿಲ್ಲ. ಅವರು ಶಾಲೆಯ ಹುಡುಗನಂತೆ ತಲೆಯಾಡಿಸಿದರು.

ಪೂಜೆ ಆಯಿತು. ಅರ್ಚಕರು ಮಂಗಳಾರತಿ ಎತ್ತಿದರು, ಬೂದುಗುಂಬಳ ಒಡೆದರು, ನಾಲ್ಕು ಟೈರಿನ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಹಿಂದೆ ಇನ್ನೊಂದು ಹೊಸ ಸ್ಕೂಟರಿನವರು ಕಾಯುತ್ತಿದ್ದರು. ಅಷ್ಟರಲ್ಲಿ ಕಾಕು, ತಾವೂ ಒಮ್ಮೆ ದೃಷ್ಟಿ ತೆಗೆಯಬೇಕೆಂದು ತಟ್ಟೆಯಲ್ಲಿ ಕುಂಕುಮದ ನೀರು ಕದಡಿ, ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿಕೊಂಡು ಕಾರಿನ ಮುಂದೆ ನಿಂತರು.

“ಆಯ್ತಲ್ಲಮ್ಮ, ಇನ್ನು ಹತ್ತಿಸ್ಲಿ. ಹತ್ತಿಸಿ ಯಜಮಾನ್ರೇ, ನಿಧಾನಕ್ಕೆ,” ಎಂದರು ಅರ್ಚಕರು.

ನಾನು ಡ್ರೈವರ್ ಕಿಟಕಿಯ ಹೊರಗೆ ನಿಂತಿದ್ದೆ. ಕಾಕಾ ಬ್ರೇಕು ಬಿಟ್ಟರು. ಕಾರು ಎರಡು ಬೆರಳಿನಷ್ಟು ಮುಂದೆ ಬಂದು, ನಿಂಬೆಹಣ್ಣಿಗೆ ತಾಗಿ ನಿಂತುಬಿಟ್ಟಿತು. ತೆವಳುವ ಶಕ್ತಿ ಅದಕ್ಕೆ ಅಷ್ಟೇ ಇತ್ತು. ನೋಡುತ್ತಿದ್ದವರು ನಕ್ಕರು.

“ಅಲೆಲೆ, ಲಿಂಬಿಹಣ್ಣಿಗೆ ಹೆದರ್ತೈತಲ್ಲೋ ತಮ್ಮಾ ನಿನ್ನ ಗಾಡಿ!” ಕಾಕಾ ಕೂಡ ನಕ್ಕರು.

ನಾನು ಬಗ್ಗಿ ಟೈರು ನೋಡಿದೆ. ಹೊಸ ರಬ್ಬರಿನ ಸಣ್ಣ ಸಣ್ಣ ಮೀಸೆಗಳು ನಿಂಬೆಹಣ್ಣಿನ ಸಿಪ್ಪೆಗೆ ಒತ್ತಿಕೊಂಡಿದ್ದವು. ನನಗೆ ಅದು ಚೆಂದ ಕಂಡಿತು. ಟೈರು ನೋಡುತ್ತಲೇ ಹೇಳಿದೆ:

“ಸ್ವಲ್ಪ ಕೊಡಿ ಕಾಕಾ.”

ಅವರು ಎಕ್ಸಲರೇಟರ್ ಕೊಟ್ಟರು. ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಕೊಟ್ಟರು. ಇಂಜಿನ್ನಿನ ಸದ್ದು ಏರಿತು. ಆ ಅರ್ಧ ಕ್ಷಣ ಮುಗಿಯಿತು. ನಿಂಬೆಹಣ್ಣು ಪಚಕ್ಕೆಂದಿತು, ರಸ ನನ್ನ ಪ್ಯಾಂಟಿಗೆ ಸಿಡಿಯಿತು, ಕಾರು ನೆಗೆಯಿತು. ಬೆಚ್ಚಿದ ಮನುಷ್ಯ ಮಾಡುವುದನ್ನೇ ಕಾಕಾ ಮಾಡಿದರು: ಕಾಲಿನ ಕೆಳಗಿದ್ದುದನ್ನು ಬಲವಾಗಿ ಒತ್ತಿದರು. ಅದು ಬ್ರೇಕು ಎಂದುಕೊಂಡಿದ್ದರು.

ನಾನು ತಲೆಯೆತ್ತುವಷ್ಟರಲ್ಲಿ ಕಾರು ಅರಳಿಕಟ್ಟೆಗೆ ಗುದ್ದಿ ನಿಂತಿತ್ತು. ನೆಲದ ಮೇಲೆ ಕೆಂಪು. ಕಾಕು ರಂಗೋಲಿಯ ಅಂಚಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು, ಅವರ ಸೀರೆಯೆಲ್ಲ ಕೆಂಪು. ಯಾರೋ ಚೀರಿದರು. ನಾನು ನಿಂತಲ್ಲೇ ನಿಂತಿದ್ದೆ.

ಅದು ಕುಂಕುಮದ ನೀರು. ಕಾರು ನೆಗೆಯುವ ಸ್ವಲ್ಪ ಮುಂಚೆ ಗಾಳಿಗೆ ಕರ್ಪೂರ ಆರಿತ್ತಂತೆ. ಬೆಂಕಿಪೆಟ್ಟಿಗೆ ಕೇಳಲು ಕಾಕು ಅರ್ಚಕರ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದರು. ಒಂದೇ ಹೆಜ್ಜೆ. ಕಾರಿನ ಮೂಲೆ ತಟ್ಟೆಗೆ ಬಡಿದು, ಅವರು ಆಯತಪ್ಪಿ ಬಿದ್ದು, ಎಡಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ತಟ್ಟೆ ಚಕ್ರದ ಕೆಳಗೆ ಸಿಕ್ಕಿ ಎಲೆಯಂತೆ ಚಪ್ಪಟೆಯಾಗಿತ್ತು. ಕಾಕಾ, ಹೊರಗುಕ್ಕಿದ ಏರ್‌ಬ್ಯಾಗಿನ ಬಿಳಿಪುಡಿಯಲ್ಲಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡೇ ಕೂತಿದ್ದರು. “ಎಲ್ಲಿ ಅದಾಳ, ಎಲ್ಲಿ ಅದಾಳ” ಎಂದು ಅದನ್ನೇ ಕೇಳುತ್ತಿದ್ದರು. ತಿರುಗಿ ನೋಡುವ ಧೈರ್ಯ ಅವರಿಗಿರಲಿಲ್ಲ.

ಅಂದು ಸಂಜೆ ಪ್ಯಾಂಟು ಬಿಚ್ಚಿದಾಗ ಮಡಿಕೆಯಲ್ಲಿ ಒಂದು ನಿಂಬೆಬೀಜ ಸಿಕ್ಕಿತು.

ಬೀದಿಯವರೆಲ್ಲ ಒಂದೇ ಮಾತು ಹೇಳಿದರು: ವಯಸ್ಸಾಯ್ತು, ಈ ವಯಸ್ಸಲ್ಲಿ ಹೊಸ ಗಾಡಿ ಯಾಕೆ ಬೇಕಿತ್ತು. ಕಾಕಾ ಕೂಡ ಅದನ್ನೇ ಒಪ್ಪಿಕೊಂಡರು. “ನನ್ನ ಕಾಲ ನನಗ ಮೋಸ ಮಾಡ್ತು. ಇನ್ ಮ್ಯಾಲ ಸ್ಟೀರಿಂಗ್ ಮುಟ್ಟೂದಿಲ್ಲ.” ವರ್ಕ್‌ಶಾಪಿನಿಂದ ರಿಪೇರಿಯಾಗಿ ಬಂದ ಕಾರಿಗೆ ಹೊದಿಕೆ ಹಾಕಿ ಗೇಟಿನೊಳಗೆ ನಿಲ್ಲಿಸಿದರು. ಭಾನುವಾರ ಬೆಳಿಗ್ಗೆ ಇಬ್ಬರೂ ಜಗುಲಿಯಲ್ಲಿ ಕೂತಿರುತ್ತಿದ್ದರು, ಹೊದಿಕೆಯನ್ನು ನೋಡುತ್ತಾ.

“ಸ್ವಲ್ಪ ಕೊಡಿ ಕಾಕಾ” ಎಂದ ನನ್ನ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಮಾತ್ರ ನೆನಪಿತ್ತು ಅಂದುಕೊಂಡಿದ್ದೆ. ನಾನು ಈಗ ಕಾರು ಬಿಟ್ಟು ಬಸ್ಸಿನಲ್ಲಿ ಓಡಾಡುತ್ತೇನೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತಾಗ ಅದರ ಬ್ರೇಕಿನ ಗಾಳಿ ಉಸ್ಸೆನ್ನುತ್ತದೆ, ನಾನು ಬೆಚ್ಚುತ್ತೇನೆ, ಎಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬೂಟು ಹಾಕಿಸಿದ್ದರೆ. ಕಾಕುವನ್ನು ಪಕ್ಕಕ್ಕೆ ಕರೆದಿದ್ದರೆ. ನಿಂಬೆಹಣ್ಣನ್ನು ಕಾಲಿನಿಂದ ತುಸು ಹಿಂಡಿ ಇಟ್ಟಿದ್ದರೆ. ಅರ್ಧ ಕ್ಷಣದ ವಿಷಯ ಹೇಳಿದ್ದರೆ. ಟೈರು ಬಿಟ್ಟು ಮುಂದೆ ನೋಡಿದ್ದರೆ. ಪ್ರತಿ ಸಲವೂ ಕಾಕು ಆ ಒಂದು ಹೆಜ್ಜೆ ಇಡುತ್ತಾರೋ ಇಲ್ಲವೋ ಎಂದು ಉಸಿರು ಹಿಡಿದು ಕಾಯುತ್ತೇನೆ, ಇಟ್ಟದ್ದು ಗೊತ್ತಿದ್ದರೂ.

ಮಳೆಗಾಲದ ಹೊತ್ತಿಗೆ ಕಾಕಾ ಕಾರು ಮಾರಲು ನಿರ್ಧರಿಸಿದರು. ಭಾನುವಾರ ಒಬ್ಬರು ನೋಡಲು ಬರುವುದಿತ್ತು. ಶನಿವಾರ ಸಂಜೆ ನನ್ನನ್ನು ಕರೆದರು.

“ಬಾ ತಮ್ಮಾ. ನಾಳೆ ಬರಾವ ಏನರ ಕೇಳಿದ್ರ ಏನ್ ಹೇಳ್ಲಿ? ಈ ಗಾಡಿ ಗುಣ ಏನು, ದೋಷ ಏನು, ನೀ ಸ್ವಲ್ಪ ಹೇಳಿಕೊಡು.”

ಕಾಕು ಚಹಾ ತಂದಿಟ್ಟರು. ಪ್ಲಾಸ್ಟರ್ ಬಿಚ್ಚಿದ್ದರು, ಕೈ ಇನ್ನೂ ತೆಳ್ಳಗಿತ್ತು. ನಾನು ಸುಮ್ಮನಿದ್ದರೆ ನಾಳೆ ಕಾರು ಹೋಗುತ್ತದೆ, ಜೊತೆಗೆ ಅವರ ಭಾನುವಾರಗಳೂ ಹೋಗುತ್ತವೆ, ತಪ್ಪು ಅವರ ಕಾಲಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಹೇಳಿದರೆ ಈ ಮನೆಯಲ್ಲಿ ಇನ್ನೊಂದು ಸಲ ಚಹಾ ಸಿಗುತ್ತದೋ ಇಲ್ಲವೋ.

“ಕಾಕಾ, ಅವತ್ತು ಎಕ್ಸಲರೇಟರ್ ಕೊಡಿ ಅಂದಿದ್ದು ನಾನು.”

“ಕೇಳಿಸಿತ್ತಪಾ. ನನ್ನ ಕಿವಿ ಕೆಟ್ಟಿಲ್ಲ, ಕೆಟ್ಟದ್ದು ಮೊಣಕಾಲು.” ಅವರು ಚಹಾ ಊದಿದರು. “ನೀ ಕೊಡು ಅಂದಿ. ಎಷ್ಟ ಕೊಡ್ಬೇಕು ಅನ್ನೂದು ನನ್ನ ಕೆಲಸ.”

“ಅಷ್ಟೇ ಅಲ್ಲ. ಈ ಗಾಡಿ ಕೊಟ್ಟ ತಕ್ಷಣ ಹೋಗಲ್ಲ. ಅರ್ಧ ಕ್ಷಣ ಸುಮ್ನಿದ್ದು ಆಮೇಲೆ ಎಗರತ್ತೆ. ಈ ಜಾತಿ ಗಾಡೀನೇ ಹಾಗೆ. ಅದು ನಂಗೆ ಮೊದಲೇ ಗೊತ್ತಿತ್ತು. ನಿಮಗೆ ಹೇಳ್ಲಿಲ್ಲ.”

ಕಾಕಾ ಲೋಟ ಕೆಳಗಿಟ್ಟರು. ಇದು ಅವರಿಗೆ ಗೊತ್ತಿರಲಿಲ್ಲ.

“ಅಂದ್ರ ಅವತ್ತ ಮೊದಲ ಸಲ ಒತ್ತಿದಾಗ ಹೋಗಲಿಲ್ಲಲ್ಲ...”

“ನಿಮ್ಮ ಕಾಲು ಸರಿಯಾಗೇ ಒತ್ತಿತ್ತು. ಗಾಡಿ ಇನ್ನೂ ಕ್ಲಚ್ ಹಿಡೀತಿತ್ತು. ಅದಕ್ಕೇ ನೀವು ಇನ್ನೂ ಒತ್ತಿದ್ರಿ.”

ಅವರು ಹೊದಿಕೆ ಹಾಕಿದ ಕಾರಿನ ಕಡೆ ತಿರುಗಿದರು. ಆಮೇಲೆ ನನ್ನನ್ನು ನೋಡದೆ ಹೇಳಿದರು: “ನಮ್ಮ ಪ್ರೆಸ್ ಮಷೀನೂ ಹಂಗ ಇತ್ತು. ಗುಂಡಿ ಒತ್ತಿದ ಮ್ಯಾಲ ಒಂದ್ ಉಸಿರಿನಷ್ಟ ತಡಾ, ಆಮ್ಯಾಲ ಧಪ್ ಅಂತಿತ್ತು. ಹೊಸಬ ಬಂದ ಅಂದ್ರ ಮಷೀನ್ ಮುಟ್ಟಸೂಕ್ಕಿಂತ ಮೊದಲು ಅದನ್ನ ಹೇಳ್ತಿದ್ವಿ. ಹೆಸರ ಕೇಳೂದು ಆಮ್ಯಾಲ.” ತಮ್ಮ ಅಂಗೈ ನೋಡಿಕೊಂಡು, “ಕೈ ಹೋಗ್ತಿತ್ತಲ್ಲಪಾ,” ಎಂದರು.

ಅದಕ್ಕಿಂತ ದೊಡ್ಡ ಬೈಗುಳ ಅವರು ಬೈಯಲಿಲ್ಲ. ಚಹಾ ಮುಗಿಸು ಎಂದೂ ಹೇಳಲಿಲ್ಲ. ನಾನು ಎದ್ದು ಬಂದೆ.

ಭಾನುವಾರ ನೋಡಲು ಬಂದವರನ್ನು ಗೇಟಿನಿಂದಲೇ ಕಳಿಸಿದರಂತೆ. ನನ್ನನ್ನು ಮಾತ್ರ ಎರಡು ವಾರ ಕರೆಯಲಿಲ್ಲ. ಎದುರಾದಾಗ ತಲೆಯಾಡಿಸುತ್ತಿದ್ದರು, ಅಷ್ಟೇ. ನಾನು ಅದಕ್ಕೆ ಒಗ್ಗಿಕೊಳ್ಳಲು ನೋಡುತ್ತಿದ್ದೆ. ಮೂರನೆಯ ಭಾನುವಾರ ಬೆಳಿಗ್ಗೆ ಹೊರಗೆ ಹಾರ್ನ್ ಕೇಳಿಸಿತು. ಹೊದಿಕೆ ತೆಗೆದಿತ್ತು. ಕಾಕಾ ಎಡಗಡೆಯ ಸೀಟಿನಲ್ಲಿ ಕೂತು, ಕೈ ಚಾಚಿ ಹಾರ್ನ್ ಒತ್ತುತ್ತಿದ್ದರು. ಕಾಲಲ್ಲಿ ಆ ಕಪ್ಪು ಬೂಟು.

“ಊರ ದಾಟೂತನಕ ನೀ ಹೊಡಿ. ಹೆಸರಘಟ್ಟದಾಗ ನಾ ತಗೋತೀನಿ. ಹತ್ತ ಸಲ ನಿಲ್ಲಿಸಿ ಹತ್ತ ಸಲ ಎಬ್ಬಸ್ತೀನಿ. ಆ ಅರ್ಧ ಕ್ಷಣ ಎಷ್ಟ ಉದ್ದ ಐತಿ ಅಂತ ನನ್ನ ಕಾಲಿಗೆ ಗೊತ್ತಾಗ್ಬೇಕು.”

ಹಿಂದಿನ ಸೀಟಿನಲ್ಲಿ ಕಾಕು ಅವಲಕ್ಕಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಗಲೇ ಕೂತಿದ್ದರು. “ನಿಮಗೆ ಭಯ ಆಗಲ್ವಾ ಕಾಕು?” ಎಂದು ಕೇಳಿದೆ.

“ಒಳಗ ಕುಂತ್ರ ಏನ್ ಭಯ? ಮುಂದ ನಿಂದ್ರೂದಿಲ್ಲ ನೋಡು, ಇನ್ನ ಯಾವತ್ತೂ.”

ತಿಂಗಳುಗಳ ನಂತರ ನಾನು ಸ್ಟೀರಿಂಗ್ ಹಿಡಿದೆ. ರಾಜಾನುಕುಂಟೆ ದಾಟುವವರೆಗೂ ಯಾವ ಗಾಡಿಯನ್ನೂ ಹಿಂದೆ ಹಾಕಲಿಲ್ಲ. ಹುಲ್ಲುಗಾವಲಿನ ಪಕ್ಕದ ಖಾಲಿ ರಸ್ತೆಯಲ್ಲಿ ಸೀಟು ಬದಲಾಯಿಸಿದೆವು. ನಾನು ಕಾರಿನಿಂದಿಳಿದು ಮುಂದೆ ಹೋಗಿ, ಟೈರಿನ ಮುಂದೆ ಒಂದು ಕಲ್ಲೂ ಇಲ್ಲವೆಂದು ನೋಡಿ ಬಂದೆ. ಎರಡು ಸಲ ನೋಡಿದೆ.

ಕಾಕಾ ಎಡಗಾಲನ್ನು ಒಳಗೆಳೆದುಕೊಂಡರು. ಬ್ರೇಕು ಬಿಟ್ಟರು, ಬಲಗಾಲಿನಿಂದ ಮೆಲ್ಲಗೆ ಒತ್ತಿದರು, ಕಾದರು. ತುಟಿ ಅಲುಗುತ್ತಿತ್ತು; ಮಷೀನಿನ ಮುಂದೆಯೂ ಹಾಗೇ ಎಣಿಸುತ್ತಿದ್ದರೇನೋ. ಕಾರು ಸಣ್ಣಗೆ ಜಗ್ಗಿ ಹೊರಟಿತು. ನಿಲ್ಲಿಸಿದರು. ಮತ್ತೆ ಎಬ್ಬಿಸಿದರು. ನಾಲ್ಕನೆಯ ಸಲ ಜೋರಾಗಿ ಎಗರಿತು, ಆದರೆ ಅವರ ಬೂಟು ಸರಿಯಾಗಿ ಬ್ರೇಕಿನ ಮೇಲೇ ಬಿತ್ತು. ಏಳನೆಯ ಸಲದಿಂದ ಜಗ್ಗುವುದು ಕಡಿಮೆಯಾಯಿತು. ಹತ್ತು ಮುಗಿದ ಮೇಲೆ ಅವರು ನಿಲ್ಲಿಸಲಿಲ್ಲ. ಕೆರೆಯ ಏರಿ ಕಾಣುವವರೆಗೂ ಸೈಕಲ್ಲಿನ ವೇಗದಲ್ಲಿ ಓಡಿಸಿಕೊಂಡೇ ಹೋದರು.

“ನೀರ ಐತೇನು?” ಹಿಂದಿನಿಂದ ಕಾಕು ಕೇಳಿದರು.

“ಸ್ವಲ್ಪ ಐತಿ.”

ಕಾಕಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಬಗ್ಗಿ ನನ್ನ ಕಾಲ ಕಡೆ ನೋಡಿದರು. ಅಷ್ಟು ದೂರವೂ ನನ್ನ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು; ಕಾಲಡಿಯ ಮ್ಯಾಟು ಮುದುಡಿ ಮೂಲೆ ಸೇರಿತ್ತು.

“ಆ ಕಡೆ ಬ್ರೇಕ್ ಇಲ್ಲೋ ತಮ್ಮಾ,” ಎಂದರು.

“ಗೊತ್ತು ಕಾಕಾ,” ಎಂದೆ. ಕಾಲು ತೆಗೆಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.